ಆ ಊರಿನವರಿಗೆ ಒಂದು ಮೇಣದಬತ್ತಿ

ಕಾರ್ಕಳದ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷವಾಯಿತು. ಈ ಕೆಲಸದವರೆಲ್ಲ ಎದೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಹೆಸರು ತೋರಿಸುವುದಕ್ಕಲ್ಲ, ನಮ್ಮ ಮೈಗೆ ಎಷ್ಟು ವಿಕಿರಣ ತಾಗಿತು ಎಂದು ಅಳೆಯುವುದಕ್ಕೆ. ಮೂರು ತಿಂಗಳಿಗೊಮ್ಮೆ ಅದನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ, ಬದಲಿಗೆ ಹೊಸದು ಬರುತ್ತದೆ, ಸ್ವಲ್ಪ ಸಮಯ ಕಳೆದು ವರದಿಯೂ ಬರುತ್ತದೆ. ಜೊತೆಯವರು ಆ ವರದಿಯ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ನಾನು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ನನ್ನ ಹೆಸರಿನ ಮುಂದಿರುವ ಸೊನ್ನೆಯನ್ನು ಎರಡು ಸಲ ಓದುತ್ತೇನೆ. ಸೊನ್ನೆ ಸಿಕ್ಕಿತೆಂದು ಇಷ್ಟು ಖುಷಿಪಡುವ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು.

ವಿಕಿರಣಕ್ಕೆ ಅಷ್ಟು ಹೆದರುವವಳು ಈ ಕೆಲಸಕ್ಕೆ ಯಾಕೆ ಬಂದೆ ಎಂದು ಯಾರೂ ನನ್ನನ್ನು ಕೇಳಿಲ್ಲ, ಯಾಕೆಂದರೆ ನಾನು ಹೆದರುತ್ತೇನೆಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉತ್ತರ ಮಾತ್ರ ಸಿದ್ಧವಿತ್ತು. ಎಕ್ಸ್‌ರೇ ಕೋಣೆಗೆ ಕಿಟಕಿ ಇಲ್ಲ. ಗೋಡೆ ದಪ್ಪ, ಬಾಗಿಲಿಗೆ ಸೀಸದ ಹಾಳೆ ಹೊಡೆದಿದ್ದಾರೆ. ಎಲ್ಲಿಗೆ ಹೋದರೂ ಮೊದಲು ಗೋಡೆಯ ದಪ್ಪ ನೋಡುವುದು ನನಗೆ ಸಣ್ಣಂದಿನಿಂದ ಬಂದ ಚಾಳಿ. ಕಾರ್ಕಳಕ್ಕೆ ಮೊದಲ ಸಲ ಬಂದಾಗ ಎಲ್ಲರೂ ಬೆಟ್ಟದ ಮೇಲಿನ ಮೂರ್ತಿಯನ್ನು ನೋಡಿ ಕೈಮುಗಿದರೆ ನಾನು ಬೆಟ್ಟದ ಬಂಡೆಯನ್ನು ನೋಡಿದೆ. ಇದರ ಹಿಂದೆ ಎಷ್ಟು ಜನ ಅಡಗಿ ಕೂರಬಹುದು ಎಂದು ಯೋಚಿಸಿದೆ.

ಇದೆಲ್ಲ ಶುರುವಾದದ್ದು ಮಣಿಪಾಲದಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ.

ಆಗ ನಾವು ಕಾಪುವಿನಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಾವೆಂದರೆ ಅಮ್ಮ ಮತ್ತು ನಾನು. ಅಪ್ಪ ನಾನು ಬಾಲವಾಡಿಗೆ ಹೋಗುತ್ತಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ದಿನಾ ಎರಡು ಬಸ್ಸು ಹಿಡಿದು ಮಣಿಪಾಲಕ್ಕೆ ಹೋಗಿ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ನಮ್ಮದು ಕೊಂಕಣಿ ಮನೆಮಾತಿನ ಕ್ರೈಸ್ತ ಮನೆ, ಅಮ್ಮನನ್ನು ನಾನು ಮಾಂಯ್ ಎಂದೇ ಕರೆಯುವುದು. ನಮ್ಮ ಮಾತುಗಳನ್ನು ಇಲ್ಲಿ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ. ರಜೆ ಬಂದರೆ ನನ್ನನ್ನು ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಉಗ್ರಾಣದಲ್ಲಿ ಕೂತು ಬೆಳ್ಳುಳ್ಳಿ ಸುಲಿಯಬೇಕು, ಹುಡುಗರು ಊಟ ಮಾಡುವ ಹಾಲಿಗೆ ಕಾಲಿಡಬಾರದು ಎಂಬುದು ಅವಳ ಕಟ್ಟಪ್ಪಣೆ. ಮೇಲ್ವಿಚಾರಕರ ಕಣ್ಣಿಗೆ ನಾನು ಬಿದ್ದರೆ ಅವಳ ಕೆಲಸಕ್ಕೆ ಕುತ್ತು.

ಒಂದು ಭಾನುವಾರ ಮಧ್ಯಾಹ್ನಕ್ಕೆ ಮೊದಲು ಹುಡುಗರು ಎಲ್ಲಿಂದಲೋ ಟಿವಿ ಮತ್ತು ವಿಡಿಯೋ ಬಾಡಿಗೆಗೆ ತಂದರು. ಹಾಲಿನ ಕಿಟಕಿಗಳಿಗೆ ಹಾಸಿಗೆಯ ಚಾದರ ಕಟ್ಟಿ ಕತ್ತಲು ಮಾಡಿದರು. ಟಿವಿ ಎಂದರೆ ಅಂಗಡಿಯ ಗಾಜಿನಾಚೆ ಕಂಡು ಗೊತ್ತಿದ್ದ ನನಗೆ ಬೆಳ್ಳುಳ್ಳಿ ಸುಲಿಯುವ ಮನಸ್ಸು ಎಲ್ಲಿಂದ ಬರಬೇಕು? ಎಲ್ಲರೂ ಕೂತ ಮೇಲೆ ಮೆಲ್ಲ ಹೋಗಿ ಕೊನೆಯ ಮೇಜಿನ ಅಡಿಯಲ್ಲಿ ಸೇರಿಕೊಂಡೆ.

ನಾನು ಕಂಡದ್ದು ಇಷ್ಟು. ಸಮುದ್ರದ ಹತ್ತಿರ ಒಂದು ಊರು. ಅಂಗಡಿ, ಶಾಲೆ, ಸೈಕಲ್ ಓಡಿಸುವ ಮಗು. ಒಬ್ಬ ಗಂಡಸಿನ ದನಿ ವಾರ್ತೆ ಓದುವವರ ಹಾಗೆ ಏನೋ ಹೇಳುತ್ತಲೇ ಇತ್ತು. ಒಬ್ಬಳು ಹೆಂಗಸು ಹಿತ್ತಲಲ್ಲಿ ಬಿಳಿ ಚಾದರ ಒಣಗಲು ಹಾಕುತ್ತಿದ್ದಳು. ಸೈರನ್ ಕೂಗಿತು. ಅವಳು ಚಾದರದ ಆಚೆಗೆ ಹೋದಳು, ಬಟ್ಟೆಯ ಮೇಲೆ ಅವಳ ನೆರಳು ಕಂಡಿತು, ಮತ್ತೆ ಇಡೀ ಟಿವಿ ಬೆಳ್ಳಗಾಯಿತು. ಸದ್ದಿಲ್ಲ. ಸದ್ದು ಆಮೇಲೆ ಬಂತು. ಅದಾದ ಮೇಲೆ ಊರೆಲ್ಲ ಬೂದಿ, ಕೂದಲು ಉದುರಿದ ಜನ, ಕಂಬಳಿಯಲ್ಲಿ ಏನನ್ನೋ ಸುತ್ತಿ ಎತ್ತಿಕೊಂಡು ಯಾರಿಗೂ ತೋರಿಸದೆ ನಡೆಯುವ ಒಬ್ಬ ಮುದುಕ. ಹಾಡಿಲ್ಲ, ಹೊಡೆದಾಟವಿಲ್ಲ, ಕೊನೆಯಲ್ಲಿ ಬಂದು ಉಳಿಸುವ ಹೀರೋ ಇಲ್ಲ.

ನಾನು ಕನ್ನಡ ಶಾಲೆಯ ನಾಲ್ಕನೆಯ ತರಗತಿಯವಳು. ಇಂಗ್ಲಿಷಿನ ಒಂದು ಅಕ್ಷರ ಗೊತ್ತಿಲ್ಲ. ಅದು ಸಿನೆಮಾ ಎಂದು ನನಗೆ ಯಾರೂ ಹೇಳಲಿಲ್ಲ. ನನ್ನ ಪಾಲಿಗೆ ಅದು ವಾರ್ತೆ. ನಿನ್ನೆಯೋ ಮೊನ್ನೆಯೋ ಎಲ್ಲಿಯೋ ಒಂದು ಊರು ಸುಟ್ಟು ಹೋಗಿದೆ, ಅದನ್ನು ತೋರಿಸುತ್ತಿದ್ದಾರೆ.

ಸಂಜೆ ಬಸ್ಸಿನಲ್ಲಿ ಕೂತಾಗ ಜನ ನಗುತ್ತಿದ್ದರು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆಗೆ ಚೌಕಾಸಿ ನಡೆಯುತ್ತಿತ್ತು. ಒಬ್ಬರು ಬಂಗುಡೆಯ ಚೀಲವನ್ನು ಕಾಲ ಹತ್ತಿರ ಇಟ್ಟುಕೊಂಡು ನಿದ್ದೆ ಹೋಗಿದ್ದರು. ಇವರಿಗೆಲ್ಲ ಇನ್ನೂ ಗೊತ್ತಾಗಿಲ್ಲ ಎಂದು ನನಗೆ ಅನಿಸಿತು. ಹೇಳಬೇಕೆಂದರೆ ಬಾಯಿ ಬರಲಿಲ್ಲ. ಮಾಂಯ್‌ಗೆ ಹೇಳಿದರೆ ಹಾಲಿಗೆ ಹೋದದ್ದು ಗೊತ್ತಾಗಿ ಬೆನ್ನಿಗೆ ಬೀಳುತ್ತದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಒಂದು ಮಾತೂ ಆಡದೆ ಕೂತಿದ್ದಳು. ಸುಸ್ತಾಗಿದೆ ಎಂದುಕೊಂಡೆ. ಬಸ್ಸಿನ ತುಂಬ ಜನರಿದ್ದರೂ ಅಷ್ಟು ಒಂಟಿತನ ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಕಾಪುವಿನಲ್ಲಿ ದೀಪಸ್ತಂಭವಿದೆ. ನೋಡಲು ಬರುವವರಿಗೆ ಅದು ಚಂದ. ನನಗೆ ಅಂದಿನಿಂದ ಮುಸ್ಸಂಜೆ ಬಂತೆಂದರೆ ಜೀವ ಬಾಯಿಗೆ ಬರುತ್ತಿತ್ತು. ಬೆಳಕು ತಿರುಗಿ ಬಂದು ನಮ್ಮ ಗೋಡೆಗೆ ತಾಗುತ್ತಿತ್ತು, ಮತ್ತೆ ಹೋಗುತ್ತಿತ್ತು. ತಾಗಿದ ಕೂಡಲೇ ನಾನು ಸದ್ದಿಗಾಗಿ ಕಾಯುತ್ತಿದ್ದೆ. ಒಂದು, ಎರಡು, ಮೂರು ಎಂದು ಎಣಿಸುವಷ್ಟರಲ್ಲಿ ಸದ್ದಿನ ಬದಲು ಇನ್ನೊಂದು ಬೆಳಕು ಬರುತ್ತಿತ್ತು. ಹೀಗೆ ಎಣಿಸಿ ಎಣಿಸಿಯೇ ನಾನು ಗಣಿತದಲ್ಲಿ ಹುಷಾರಾದದ್ದಿರಬೇಕು.

ಏಳನೆಯ ತರಗತಿಯಲ್ಲಿ ಒಬ್ಬಳು ಗೆಳತಿಗೆ ಗುಟ್ಟಾಗಿ ಹೇಳಿದೆ. ಅವಳ ಅಣ್ಣ ಕಾಲೇಜಿಗೆ ಹೋಗುತ್ತಿದ್ದ, ಅವಳಿಗೆ ಲೋಕಜ್ಞಾನ ಹೆಚ್ಚು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದು ಪಿಚ್ಚರ್ ಮಾರಾಯ್ತಿ! ಆ ಊರು ಸುಟ್ಟದ್ದೂ ಇಲ್ಲ, ಎಂತದ್ದೂ ಇಲ್ಲ. ಅಣುಬಾಂಬ್ ಹಾಕಿದರೆ ಹೇಗಿರ್ತದೆ ಅಂತ ತೋರಿಸಿದ್ದು."

ತಾನು ನನಗೆ ಸಮಾಧಾನ ಹೇಳಿದೆ ಎಂದು ಅವಳು ತಿಳಿದಳು. ನಾನು ಅಂದು ಮನೆಗೆ ನಡೆದುಕೊಂಡು ಬರುವಾಗ ಮೊದಲಿಗಿಂತ ಹೆಚ್ಚು ನಡುಗಿದೆ. ನಡೆದು ಹೋದದ್ದಾದರೆ ಅದು ಮುಗಿಯಿತು. ಸತ್ತವರು ಸತ್ತರು, ಉಳಿದವರು ಅತ್ತರು. ನಡೆದೇ ಇಲ್ಲವೆಂದರೆ ಅದು ಇನ್ನೂ ಬಾಕಿ ಇದೆ ಎಂದಾಯಿತಲ್ಲ! ಅಲ್ಲಿಯವರೆಗೆ ಅದು ಬೇರೆ ಯಾರದೋ ಊರಾಗಿತ್ತು. ಆ ಮಧ್ಯಾಹ್ನದಿಂದ ಅದು ಯಾವ ಊರೂ ಆಗಬಹುದಾಗಿತ್ತು, ಕಾಪುವೂ ಆಗಬಹುದಾಗಿತ್ತು.

ಇನ್ನೊಂದು ಸಲ ಹೇಳಿದ್ದು ಮದುವೆಗೆಂದು ನನ್ನನ್ನು ನೋಡಲು ಬಂದ ಹುಡುಗನಿಗೆ. ಕುವೈತಿನಲ್ಲಿ ಕೆಲಸ, ಒಳ್ಳೆಯ ಮನೆ, ಉದ್ಯಾವರದ ಕಡೆಯವನು. ನಿಮಗೆ ಏನಾದರೂ ಕೇಳಲಿಕ್ಕೆ ಉಂಟಾ ಎಂದು ಅವನು ಮರ್ಯಾದೆಯಿಂದ ಕೇಳಿದ. "ಅಲ್ಲಿ ನೆಲದಡಿಯಲ್ಲಿ ಅಡಗುವ ಜಾಗ ಉಂಟಾ?" ಎಂದೆ. ಯಾಕೆಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ನಗಲಿಲ್ಲ, ತುಂಬ ಗಂಭೀರವಾಗಿ ಚಹಾ ಮುಗಿಸಿದ. ಹುಡುಗಿ ಒಳ್ಳೆಯವಳು, ಆದರೆ ತಲೆಯಲ್ಲಿ ಏನೋ ಉಂಟು ಎಂದು ಎರಡು ದಿನದಲ್ಲಿ ಸುದ್ದಿ ಬಂತು. ಆಮೇಲೆ ನಾನು ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಮದುವೆಯ ಮಾತೂ ಕ್ರಮೇಣ ತಣ್ಣಗಾಯಿತು. ಬಿಳಿ ಚಾದರ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, ಅಷ್ಟೇ. ನಮ್ಮ ಚಾದರಗಳೆಲ್ಲ ಹೂವಿನವು, ಪಟ್ಟೆಯವು. ಮಾಂಯ್ ಕೂಡ ಅಂಗಡಿಯಲ್ಲಿ ಬಿಳಿಯದನ್ನು ಆರಿಸಿದ್ದು ನನಗೆ ನೆನಪಿಲ್ಲ. ಬೇಗ ಕೊಳೆಯಾಗುತ್ತದೆ ಎಂದು ಅವಳು ಹೇಳುತ್ತಿದ್ದಳು.

ಈಗ ನಾವಿಬ್ಬರೂ ಅಲೆವೂರಿನಲ್ಲಿದ್ದೇವೆ, ಒಂದು ಮನೆಯ ಮಹಡಿಯಲ್ಲಿ. ಮಾಂಯ್‌ಗೆ ಎಪ್ಪತ್ತೆಂಟು. ಮಂಡಿ ನೋವು ಬಿಟ್ಟರೆ ಗಟ್ಟಿ. ಕಾಪುವಿಗೆ ನಾವು ತಪ್ಪದೆ ಹೋಗುವುದು ವರ್ಷಕ್ಕೊಮ್ಮೆ, ನವೆಂಬರ್ ಎರಡರಂದು. ಅದು ಸತ್ತವರನ್ನೆಲ್ಲ ನೆನೆಯುವ ದಿನ. ಇಗರ್ಜಿಯ ಸ್ಮಶಾನದಲ್ಲಿ ಅಪ್ಪನ ಸಮಾಧಿಯನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಅದಾದ ಮೇಲೆ ಮಾಂಯ್ ಇನ್ನೊಂದು ಮೇಣದಬತ್ತಿ ತೆಗೆದುಕೊಂಡು ನಡುವಿನ ದೊಡ್ಡ ಶಿಲುಬೆಯ ಬುಡಕ್ಕೆ ಹೋಗಿ ಹಚ್ಚಿ ಬರುತ್ತಾಳೆ. ಸಣ್ಣವಳಿದ್ದಾಗ ಅದು ಯಾರಿಗೆ ಎಂದು ಕೇಳಿದ್ದೆ. "ಯಾರೂ ಇಲ್ಲದವರಿಗೆ" ಎಂದಿದ್ದಳು. ನಮ್ಮಲ್ಲಿ ಹಾಗೆ ಹಚ್ಚುವವರು ತುಂಬ ಜನರಿದ್ದಾರೆ. ಆದ್ದರಿಂದ ನಾನು ಮತ್ತೆ ಕೇಳಲಿಲ್ಲ.

ಕಳೆದ ಮೇ ತಿಂಗಳಲ್ಲಿ ಟಿವಿಯವರಿಗೆಲ್ಲ ಯುದ್ಧದ ಜ್ವರ ಬಂತು. ಗಡಿಯ ಸುದ್ದಿ ಹೇಳುವಾಗ ಹಿಂದಿನಿಂದ ಸೈರನ್ ಹಾಕುತ್ತಿದ್ದರು. ಅಣುಬಾಂಬ್ ಯಾರ ಹತ್ತಿರ ಎಷ್ಟು ಉಂಟು ಎಂದು ಕ್ರಿಕೆಟಿನ ಸ್ಕೋರಿನ ಹಾಗೆ ಹೇಳುತ್ತಿದ್ದರು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜನ ಗೋಳಿಬಜೆ ತಿನ್ನುತ್ತ ನೋಡುತ್ತಿದ್ದರು. "ಒಂದು ಹಾಕಿ ಬಿಡಬೇಕು ಮಾರಾಯ, ಮುಗೀತದೆ" ಎಂದು ಒಬ್ಬರು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಮುಗಿಯುವುದು ಯಾವುದು ಎಂದು ಕೇಳಬೇಕೆನಿಸಿತು. ಕೇಳದೆ ಚಹಾ ಬಿಟ್ಟು ಎದ್ದು ಬಂದೆ.

ಅಂದು ನಾನು ಬ್ಯಾಡ್ಜನ್ನು ಮನೆಗೆ ತಂದೆ. ಹಾಗೆ ತರಬಾರದು ಎಂಬುದು ಮೊದಲ ನಿಯಮ. ಕೆಲಸ ಮುಗಿದ ಮೇಲೆ ಅದನ್ನು ಆಫೀಸಿನ ಕಪಾಟಿನಲ್ಲಿ ಇಟ್ಟು ಬರಬೇಕು. ನಾನು ಚೀಲದಲ್ಲಿ ಹಾಕಿಕೊಂಡು ಬಂದು ಪಡುವಣ ಕಿಟಕಿಯ ಸರಳಿಗೆ ತೂಗು ಹಾಕಿದೆ. ಏನಾದರೂ ಆದರೆ ನಮಗೆ ನಿಜ ಹೇಳುವವರಿಲ್ಲ, ಬ್ಯಾಡ್ಜಿಗಾದರೂ ಗೊತ್ತಾಗುತ್ತದೆ ಎಂದು ನನ್ನ ಲೆಕ್ಕಾಚಾರ. ವರದಿ ಬರುವುದು ತಿಂಗಳುಗಳ ನಂತರ, ಆಗ ಓದಲು ನಾನೇ ಇರುವುದಿಲ್ಲ ಎಂಬಷ್ಟು ಬುದ್ಧಿಯೂ ಹೊಳೆಯಲಿಲ್ಲ. ಹತ್ತು ದಿನ ಹೀಗೆ ತಂದೆ, ಒಯ್ದೆ. ಎರಡನೆಯ ದಿನ ನೋಡುತ್ತೇನೆ, ಅದೇ ಸರಳಿಗೆ ಬ್ಯಾಡ್ಜಿನ ಪಕ್ಕದಲ್ಲಿ ಮಾಂಯ್ ತನ್ನ ಜಪಮಾಲೆಯನ್ನು ತೂಗು ಹಾಕಿದ್ದಾಳೆ. ಇದು ಎಂತ ಎಂದು ಅವಳು ಕೇಳಲಿಲ್ಲ. ನಾನೂ ಅದು ಎಂತ ಎಂದು ಕೇಳಲಿಲ್ಲ.

ಗಡಿಯ ಗಲಾಟೆ ನಿಂತಿತು. ನನಗೆ ನಾಚಿಕೆಯಾಯಿತು. ಬ್ಯಾಡ್ಜನ್ನು ವಾಪಸು ಒಯ್ದೆ. ಅದೇ ವಾರ ಮಾಂಯ್‌ಗೆ ಜ್ವರ ಬಂದು ನಾಲ್ಕು ದಿನ ರಜೆ ಹಾಕಿದೆ. ಹೊರಡುವ ಅವಸರದಲ್ಲಿ ಸೀಸದ ಏಪ್ರನ್ನನ್ನು ಎಕ್ಸ್‌ರೇ ಕೋಣೆಯ ಕೊಕ್ಕೆಗೆ ಸಿಕ್ಕಿಸಿ ಬಂದಿದ್ದೆ, ಬ್ಯಾಡ್ಜ್ ಅದರ ಮೇಲೆಯೇ ಉಳಿದಿತ್ತು. ಆ ನಾಲ್ಕು ದಿನ ಬೇರೆಯವರು ತೆಗೆದ ಎಕ್ಸ್‌ರೇಗಳೆಲ್ಲ ಅದಕ್ಕೆ ತಾಗಿದವು. ನಮ್ಮ ಕೆಲಸದಲ್ಲಿ ಇದು ಹಳೆಯ ತಪ್ಪು. ಹೊಸದಾಗಿ ಬಂದವರಿಗೆ ನಾನೇ ಈ ಬಗ್ಗೆ ಪಾಠ ಮಾಡುತ್ತೇನೆ.

ಅಕ್ಟೋಬರಿನಲ್ಲಿ ವರದಿ ಬಂತು. ನನ್ನ ಹೆಸರಿನ ಮುಂದೆ ಸೊನ್ನೆ ಇರಲಿಲ್ಲ. ಮಿತಿ ಮೀರಿದೆ, ಕಾರಣ ಬರೆದು ಕಳುಹಿಸಿ ಎಂದಿತ್ತು. ಡಾಕ್ಟರು ನನ್ನನ್ನು ಕರೆದರು.

"ಎಂತ ಮಾಡಿದ್ರಿ ಇದನ್ನು? ರಕ್ತ ಪರೀಕ್ಷೆ ಮಾಡಿಸುವ. ಕಾರಣ ಬರೆದು ಕೊಡುವವರೆಗೆ ನೀವು ಎಕ್ಸ್‌ರೇ ಮುಟ್ಟುವುದು ಬೇಡ, ಕೌಂಟರಿನಲ್ಲಿ ಕೂತುಕೊಳ್ಳಿ. ಎಲ್ಲಿ ಬಿಟ್ಟಿದ್ರಿ ಅಂತ ಎರಡು ಸಾಲು ಬರೆಯಿರಿ, ಅಷ್ಟೇ."

ಎರಡು ಸಾಲು. ಏಪ್ರನ್ನಿನ ಕಥೆ ಬರೆದರೆ ಮುಗಿಯಿತು, ಅದು ನಿಜವೂ ಹೌದು. ಆದರೆ ನನ್ನ ಕೈ ಓಡಲಿಲ್ಲ. ಹತ್ತು ದಿನ ಕಿಟಕಿಯಲ್ಲಿ ತೂಗಾಡಿದ್ದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಬರೆದರೆ ಯಾಕೆಂದು ಕೇಳುತ್ತಾರೆ. ಐವತ್ತು ದಾಟಿದವಳು ಒಂಬತ್ತನೆಯ ವಯಸ್ಸಿನಲ್ಲಿ ಮೇಜಿನಡಿ ಕೂತು ನೋಡಿದ್ದಕ್ಕೆ ಇನ್ನೂ ನಡುಗುತ್ತಾಳೆ ಎಂದು ತಿಳಿದರೆ ಆ ಕೋಣೆಗೆ ನನ್ನನ್ನು ಮತ್ತೆ ಬಿಡುವವರಾರು? ಇದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ಆ ಅಂಕಿ ಬಂದದ್ದು ಏಪ್ರನ್ನಿನಿಂದಲ್ಲ, ಕಿಟಕಿಯಿಂದಲೇ ಆಗಿದ್ದರೆ? ಆಗಲಾರದು ಎಂದು ನನ್ನ ಓದು ಹೇಳುತ್ತಿತ್ತು. ಮೇಜಿನಡಿಯ ಹುಡುಗಿ ಓದನ್ನು ಕೇಳುವವಳಲ್ಲ.

ಭಾನುವಾರ ಊಟವಾದ ಮೇಲೆ ಕಾಗದ ಹಿಡಿದು ಕೂತೆ. ಮಾಂಯ್ ಎದುರಿಗೆ ಕೂತು ಹಲಸಿನ ಬೀಜ ಕೆರೆಯುತ್ತಿದ್ದಳು. ಮೂರು ಕಾಗದ ಹರಿದು ಹಾಕಿದ್ದನ್ನು ನೋಡಿದಳು.

"ಯಾರಿಗೆ ಬರೆಯುವುದು ಅಷ್ಟು?"

"ಕೆಲಸದ್ದು ಮಾಂಯ್."

"ಕೆಲಸ ಹೋಗ್ತದಾ?"

ಆ ಪ್ರಶ್ನೆಗೆ ನನ್ನ ಕಣ್ಣು ತುಂಬಿ ಬಂತು. ಹೇಳಿಬಿಡುವ, ಇನ್ನು ಪೆಟ್ಟು ಬೀಳುವ ವಯಸ್ಸಲ್ಲವಲ್ಲ ಎಂದುಕೊಂಡೆ.

"ನಿನಗೆ ನೆನಪುಂಟಾ? ಮಣಿಪಾಲದ ಹಾಸ್ಟೆಲಿನಲ್ಲಿ ಒಂದು ಭಾನುವಾರ ಹುಡುಗರು ಟಿವಿ ತಂದು, ಕಿಟಕಿಗೆಲ್ಲ ಚಾದರ ಕಟ್ಟಿ..."

ಅವಳ ಕೈಯ ಕತ್ತಿ ನಿಂತಿತು.

"ಆ ಊರು ಸುಟ್ಟ ದಿನವಾ?" ಎಂದಳು.

ನಾನು ಪೆನ್ನು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು.

"ನೀನು ಬೆಳ್ಳುಳ್ಳಿ ಸುಲಿತಾ ಇದ್ದಿ. ನಾನು ಬಡಿಸುವ ಕಿಂಡಿಯಿಂದ ನೋಡಿದೆ. ನಮ್ಮ ಕಾಪುವಿನ ಹಾಗೆಯೇ ಸಮುದ್ರ ಇತ್ತು ಅಲ್ಲಿ. ಆ ಹೆಂಗಸು ಚಾದರ ಒಣಗಿಸ್ತಾ ಇದ್ದಳು ಪಾಪ. ನಿನಗೆ ಹೇಳಲಿಲ್ಲ. ಸಣ್ಣವಳು, ಹೆದರ್ತಿ ಅಂತ."

"ನಾನು ನೋಡಿದ್ದೆ ಮಾಂಯ್. ಮೇಜಿನ ಅಡಿ ಇದ್ದೆ. ನೀನು ಬೈತಿ ಅಂತ ಹೇಳಲಿಲ್ಲ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ, ಒಂದೇ ಸಂಗತಿಯನ್ನು ಬಚ್ಚಿಟ್ಟುಕೊಂಡು ಮನೆಗೆ ಬಂದಿದ್ದೆವು. ಆಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಒಂದೇ ಸೂರಿನಡಿ ಇದ್ದೆವು.

ಅದು ಬರೀ ಪಿಚ್ಚರ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿನಗೆ ಅದು ನಿಜವೆಂದು ಯಾರು ಹೇಳಿದರು ಎಂದಷ್ಟೇ ಕೇಳಿದೆ.

"ಯಾರು ಹೇಳಬೇಕು?" ಎಂದಳು. "ಆ ದಿನ ಅರ್ಧ ಹಂಡೆ ಅನ್ನ ಉಳಿಯಿತು. ಭಾನುವಾರ, ಕೋಳಿ ಬೇರೆ ಮಾಡಿದ್ದು. ಒಬ್ಬೊಬ್ಬನೇ ಎದ್ದು ತಟ್ಟೆ ಮುಟ್ಟದೆ ಹೋದ. ಒಬ್ಬ ಮೆಟ್ಟಿಲಲ್ಲಿ ಕೂತು ಅಳ್ತಾ ಇದ್ದ. ಪಿಚ್ಚರ್ ಹಾಕಿದ ದಿನವಾದರೆ ಕೂಗಿ, ಸೀಟಿ ಹೊಡೆದು, ಎರಡೆರಡು ಸಲ ಬಡಿಸಿಕೊಳ್ತಾ ಇದ್ದರು. ಸುಳ್ಳಿಗೆ ಯಾರಾದರೂ ಊಟ ಬಿಡ್ತಾರಾ ಮಗಳೇ?"

ಸಾವಿರಾರು ಹುಡುಗರಿಗೆ ಅನ್ನ ಬಡಿಸಿದವಳ ತರ್ಕ ಅದು.

"ಶಿಲುಬೆಯ ಹತ್ತಿರ ಹಚ್ಚುವುದು ಅವರಿಗಾ?" ಎಂದೆ.

"ಮತ್ತೆ ಯಾರು ಹಚ್ತಾರೆ? ಇಡೀ ಊರೇ ಹೋದ ಮೇಲೆ ಹಚ್ಚಲಿಕ್ಕೆ ಅಲ್ಲಿ ಜನ ಎಲ್ಲಿಂದ ಬರಬೇಕು?"

ಮತ್ತೆ ಬೀಜ ಕೆರೆಯತೊಡಗಿದಳು. ನಾನು ಎದ್ದು ಪಡುವಣ ಕಿಟಕಿಯ ಹತ್ತಿರ ಹೋಗಿ ನಿಂತು ಅತ್ತೆ. ಇಷ್ಟು ವರ್ಷ ನಾನು ನನ್ನನ್ನು ಉಳಿಸಿಕೊಳ್ಳಲು ಗೋಡೆಯ ದಪ್ಪ ನೋಡುತ್ತಿದ್ದೆ. ಅವಳು ಹೆಸರೂ ಗೊತ್ತಿಲ್ಲದ ಒಂದು ಊರಿನ ಸತ್ತವರಿಗೆ ಮನೆಯವಳಾಗಿದ್ದಳು.

ಕಾಗದದಲ್ಲಿ ಎರಡು ಸಾಲು ಬರೆದೆ: ಬ್ಯಾಡ್ಜನ್ನು ಕೆಲವು ದಿನ ಮನೆಗೆ ಒಯ್ದಿದ್ದೆ, ಆಮೇಲೆ ಏಪ್ರನ್ನಿನ ಮೇಲೆ ಎಕ್ಸ್‌ರೇ ಕೋಣೆಯಲ್ಲಿ ಮರೆತಿದ್ದೆ. ಯಾಕೆ ಎಂದು ಬರೆಯಲಿಲ್ಲ, ಡಾಕ್ಟರೂ ಕೇಳಲಿಲ್ಲ. ಇಪ್ಪತ್ತಾರು ವರ್ಷ ಕೆಲಸ ಮಾಡಿದ ನೀವೇ ಹೀಗೆ ಮಾಡಿದರೆ ಹೇಗೆ ಎಂದು ಒಂದಿಷ್ಟು ಬೈದರು. ರಕ್ತದಲ್ಲಿ ಏನೂ ತೊಂದರೆ ಇರಲಿಲ್ಲ. ಕಿಟಕಿ ಇಲ್ಲದ ಕೋಣೆಗೆ ವಾಪಸು ಹೋದೆ.

ನವೆಂಬರ್ ಎರಡರಂದು ಕಾಪುವಿಗೆ ಹೋದೆವು. ಸಂಜೆಯ ಪ್ರಾರ್ಥನೆ ಮುಗಿದಿತ್ತು. ಅಪ್ಪನ ಸಮಾಧಿಯ ಕೆಲಸ ಮುಗಿಸಿ ಮಾಂಯ್ ಇನ್ನೊಂದು ಮೇಣದಬತ್ತಿ ತೆಗೆದಳು. ಈ ಸಲ ನಾನೂ ಅವಳ ಕೈಹಿಡಿದು ಶಿಲುಬೆಯವರೆಗೆ ನಡೆದೆ. ಸಮುದ್ರದ ಗಾಳಿಗೆ ಬತ್ತಿ ಎರಡು ಸಲ ಆರಿತು. ನಾನು ಸೆರಗು ಅಡ್ಡ ಹಿಡಿದೆ, ಮೂರನೆಯ ಸಲ ಉರಿಯಿತು.

"ನೀನು ಓದಿದವಳು, ನಿನಗೆ ಗೊತ್ತಿರ್ತದೆ" ಎಂದಳು. "ಅಲ್ಲಿ ಒಬ್ಬರಾದರೂ ಉಳಿದಿದ್ದಾರಾ?"

ಅವಳ ಮುಖ ನೋಡಿದೆ. ನಿಜ ಹೇಳುವುದು ಸುಲಭವಿತ್ತು. ಅಲ್ಲಿ ಯಾರೂ ಸತ್ತೇ ಇಲ್ಲ ಮಾಂಯ್, ಅದು ಇನ್ನೂ ಆಗಿಲ್ಲ. ಹಾಗೆಂದರೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವಳೂ ನನ್ನ ಹಾಗೆ ಕಾಯಲು ಶುರು ಮಾಡಬೇಕು.

"ಉಳಿದಿದ್ದಾರೆ" ಎಂದೆ. "ಊರನ್ನು ಪುನಃ ಕಟ್ಟಿದ್ದಾರೆ. ಮಕ್ಕಳು ಶಾಲೆಗೆ ಹೋಗ್ತಾರೆ."

ಅವಳು ಶಿಲುಬೆಯ ಗುರುತು ಮಾಡಿಕೊಂಡಳು. ಅಷ್ಟು ಹಗುರಾದ ಅವಳ ಮುಖವನ್ನು ನಾನು ನೋಡಿದ್ದೇ ಇಲ್ಲ.

"ಹಾಗಾದರೆ ಇನ್ನು ಇದು ಬೇಡ ಅಲ್ವಾ? ಅವರೇ ಹಚ್ತಾರೆ ಈಗ."

ದೀಪಸ್ತಂಭ ಆಗಷ್ಟೇ ಹೊತ್ತಿಕೊಂಡಿತ್ತು. ಬೆಳಕು ತೆಂಗಿನ ಮರಗಳ ಮೇಲೆ ಹಾದು ಹೋಯಿತು. ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿದೆ. ಅವಳು ಎಣಿಸಲಿಲ್ಲ. ನಮ್ಮಿಬ್ಬರಲ್ಲಿ ಕಾಯುವವಳು ಇನ್ನು ನಾನೊಬ್ಬಳೇ.

"ನೀನು ಹಚ್ಚುವುದು ಬೇಡ ಮಾಂಯ್" ಎಂದೆ. "ಇನ್ನು ಮುಂದೆ ನಾನು ಹಚ್ತೇನೆ."